ಹಳೆಯ ನೀರಿನ ಎರಡು ಕ್ಯಾನು

ಗದಗಿನ ಗಿರಿಜಾಬಾಯಿ ಹುಯಿಲಗೋಳರ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಗಂಡ ಬಾಲಚಂದ್ರರು ಆಗ ಬ್ಯಾಂಕಿನಲ್ಲಿ ಗುಮಾಸ್ತರು. ಮುಂದೆ ಅಧಿಕಾರಿಯಾದರು, ಅಲ್ಲಿಂದ ವರ್ಗಾವಣೆಗಳು ಶುರುವಾದವು. ಹಾವೇರಿ, ರಾಯಚೂರು, ಆದೋನಿ, ಕರ್ನೂಲು ಮುಗಿಸಿ 1985ರಲ್ಲಿ ಅವರು ವಿಶಾಖಪಟ್ಟಣಕ್ಕೆ ಬಂದರು. ಪ್ರತಿ ಸಲವೂ ಸಾಮಾನು ಕಟ್ಟುವ ಹೊಣೆ ಗಿರಿಜಾಬಾಯಿಯದೇ ಆಗಿತ್ತು. ಹಿತ್ತಾಳೆ ಪಾತ್ರೆಗಳನ್ನು ಹಾಸಿಗೆಯ ಸುರುಳಿಯೊಳಗೆ ಹುದುಗಿಸುವುದು, ಉಪ್ಪಿನಕಾಯಿ ಭರಣಿಯ ಬಾಯಿಗೆ ಎಣ್ಣೆಬಟ್ಟೆ ಬಿಗಿಯುವುದು, ದೇವರ ಸಂಪುಟವನ್ನು ಯಾರ ಕೈಗೂ ಕೊಡದೆ ಮಡಿಲಲ್ಲೇ ಇಟ್ಟುಕೊಂಡು ರೈಲಿನಲ್ಲಿ ಕೂರುವುದು, ಎಲ್ಲವೂ ಕೈಗೆ ಕೂತ ಕೆಲಸ. ಆದರೆ 1989ರ ಬೇಸಿಗೆಯಲ್ಲಿ ವಿಜಯವಾಡಕ್ಕೆ ವರ್ಗಾವಣೆಯ ಆದೇಶ ಬಂದ ದಿನ, ಅವರ ಕಣ್ಣು ಮೊದಲು ಹೋದದ್ದು ಪಡಸಾಲೆಯ ಗಾಜಿನ ತೊಟ್ಟಿಯ ಕಡೆಗೆ. ಅದರೊಳಗೆ ಏಳು ಮೀನುಗಳಿದ್ದವು. ಅವು ಜೀವಸಹಿತ ವಿಜಯವಾಡ ಮುಟ್ಟದಿದ್ದರೆ ತಮ್ಮ ಗಂಡ ಹೊಸ ಶಾಖೆಯಲ್ಲಿ ನಿಲ್ಲಲಾರರೆಂಬುದು ಗಿರಿಜಾಬಾಯಿಗೆ ಗೊತ್ತಿತ್ತು. ಅವರೊಬ್ಬರಿಗೇ ಗೊತ್ತಿತ್ತು.

ಇದರ ಬೇರು ಮೂರು ವರ್ಷ ಹಿಂದಕ್ಕಿದೆ. 1986ರ ಮಳೆಗಾಲದಲ್ಲಿ ಒಂದು ದಿನ, ಡ್ರಾಫ್ಟುಗಳಿಗೆ ಸಹಿ ಹಾಕುತ್ತಿದ್ದ ಬಾಲಚಂದ್ರರ ಕೈ ನಡುವೆಯೇ ನಿಂತುಬಿಟ್ಟಿತು. ಪೆನ್ನು ಕಾಗದದ ಮೇಲೆಯೇ ಇತ್ತು. ಮಸಿ ಹರಡಿ ಚುಕ್ಕೆ ದೊಡ್ಡದಾಗುತ್ತಿತ್ತು. ಕೌಂಟರಿನ ಆಚೆ ಜನ ಕಾಯುತ್ತಿದ್ದರು. ಒಬ್ಬ ಸಹೋದ್ಯೋಗಿ ಅವರನ್ನು ಆಟೋದಲ್ಲಿ ಮನೆಗೆ ಕರೆತಂದು, ಬಾಗಿಲಲ್ಲೇ ನಿಂತು, "ಸಾರ್‌ಗೆ ಬಿ.ಪಿ. ಇರಬೇಕಮ್ಮಾ, ರೆಸ್ಟ್ ತಗೊಳ್ಳಲಿ" ಎಂದ. ಗಿರಿಜಾಬಾಯಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಂದಿನಿಂದ ಶಾಖೆಗೆ, ನೆರೆಹೊರೆಗೆ, ಗದಗಿನ ಅತ್ತೆಗೆ, ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳಿಗೆ, ಎಲ್ಲರಿಗೂ ಬಿ.ಪಿ. ಒಂದೇ ಉತ್ತರ.

ಬಿ.ಪಿ. ಅಲ್ಲವೆಂಬುದು ಅವರಿಗೆ ಮೊದಲ ವಾರದಲ್ಲೇ ತಿಳಿದಿತ್ತು. ಬಾಲಚಂದ್ರರು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಎಬ್ಬಿಸಿ ಕೂರಿಸಿದರೆ ಕೂತಲ್ಲೇ ಇರುತ್ತಿದ್ದರು. ಊಟ ಬೇಡವೆನ್ನುವುದಕ್ಕೂ ಬಾಯಿ ಬರುತ್ತಿರಲಿಲ್ಲ. ಅದೇ ಊರಿನ ವಾಲ್ತೇರಿನ ಕಡೆ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ ಮನೋವೈದ್ಯರೊಬ್ಬರಲ್ಲಿಗೆ ಗಿರಿಜಾಬಾಯಿ ಅವರನ್ನು ಕರೆದೊಯ್ದರು. ಬೀದಿಯ ತಿರುವಿನಲ್ಲೇ ಆಟೋ ಬಿಟ್ಟು, ಪರಿಚಯದವರಾರೂ ಇಲ್ಲವೆಂದು ನೋಡಿಕೊಂಡು ಒಳಗೆ ಹೋಗುತ್ತಿದ್ದರು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಅದರಲ್ಲಿ ಒಂದು ಅಧಿಕಾರಿಯ ಸೊಂಟದಲ್ಲಿರುತ್ತದೆ. ತಲೆಯ ಕಾಯಿಲೆಯವನೆಂಬ ಸುದ್ದಿ ಹಬ್ಬಿದ ಮನುಷ್ಯನ ಕೈಗೆ ಆ ಕೀಲಿ ಮತ್ತೆ ಬರುವುದಿಲ್ಲ ಎಂಬಷ್ಟು ಲೋಕಜ್ಞಾನ ಬ್ಯಾಂಕಿನವನ ಹೆಂಡತಿಗೆ ಇದ್ದೇ ಇರುತ್ತದೆ.

ಆ ವೈದ್ಯರ ಜಗುಲಿಯಲ್ಲಿ ಒಂದು ಮೀನಿನ ತೊಟ್ಟಿಯಿತ್ತು. ವಾರಗಟ್ಟಲೆ ಮಾತಿಲ್ಲದೆ ಇದ್ದ ಬಾಲಚಂದ್ರರು ಒಂದು ಸಂಜೆ ಅದನ್ನೇ ನೋಡುತ್ತ ಕೂತು, "ಆ ಕರೀದು ಒಂದ ಕಡೆ ತಿರಗಲಿಕ್ಕೆ ಹತ್ತೇದ, ನೋಡು" ಎಂದರು. ಗಿರಿಜಾಬಾಯಿ ಮೀನನ್ನು ನೋಡಲಿಲ್ಲ, ಗಂಡನ ಬಾಯನ್ನು ನೋಡಿದರು. ಮರುದಿನವೇ ಅಂಗಡಿಗೆ ಹೋಗಿ, ಕಬ್ಬಿಣದ ಪಟ್ಟಿ ಹೊಡೆದ ಗಾಜಿನ ತೊಟ್ಟಿ, ಗಾಳಿ ಊದುವ ಸಣ್ಣ ಮೋಟಾರು, ಬುಟ್ಟಿಯಷ್ಟು ಕಲ್ಲಹರಳು, ಎರಡು ಗೋಲ್ಡ್ ಫಿಶ್, ನಾಲ್ಕು ಕರಿ ಮಾಲಿ ಮೀನು, ಒಂದು ಏಂಜಲ್ ಮೀನು ತಂದರು.

ಪಕ್ಕದ ಮನೆಯ ಹೈಮಾವತಿಗೆ ಅದು ತಿಂಗಳುಗಟ್ಟಲೆ ನಗೆಯ ವಿಷಯವಾಯಿತು. "ಏಮಂಡೀ ಗಿರಿಜಗಾರೂ, ಬ್ರಾಹ್ಮಣರ ಮನೆಗೆ ಮೀನು ಬಂದವಂತೆ? ಮೀನಿನ ಪುಲುಸು, ಸಾರು ಯಾವತ್ತು? ನಾನು ಅನ್ನ ಮಾಡಿಕೊಂಡೇ ಬರುತ್ತೇನೆ" ಎಂದು ಕಾಂಪೌಂಡಿನ ಮೇಲಿಂದ ಕೂಗುತ್ತಿದ್ದಳು.

"ನಿಮ್ಮ ಅನ್ನಕ್ಕ ನಮ್ಮ ಮೀನ ಸಾಲೂದಿಲ್ಲರೀ" ಎಂದು ಗಿರಿಜಾಬಾಯಿ ನಗುತ್ತಿದ್ದರು. ನಗುವುದೂ ಆ ವರ್ಷಗಳ ಮನೆಗೆಲಸಗಳಲ್ಲಿ ಒಂದಾಗಿತ್ತು.

ಬೆಳಗಿನ ಕ್ರಮವೊಂದನ್ನು ಅವರು ಕಟ್ಟಿದರು. ಎದ್ದೊಡನೆ ಬಾಲಚಂದ್ರರು ತೊಟ್ಟಿಯ ಮುಂದಿನ ಮಣೆಯ ಮೇಲೆ ಕೂರಬೇಕು, ಡಬ್ಬಿಯಿಂದ ಚಿಟಿಕೆ ಚಿಟಿಕೆಯಾಗಿ ಮೀನಿಗೆ ಹಾಕಬೇಕು. ಅಷ್ಟಾದರೆ ಕಾಫಿ. ಕಾಫಿಯಾದರೆ ಸ್ನಾನ. ಸ್ನಾನವಾಗಿ ಅಂಗಿ ತೊಟ್ಟರೆ ಮಿಕ್ಕದ್ದೆಲ್ಲ ತಾನಾಗಿ ಆಗುತ್ತಿತ್ತು. "ಏಳ್ರಿ, ನಾ ಕರೀಲಿಕ್ಕೆ ಬಂದಿಲ್ಲ, ಅವು ಕರೀಲಿಕ್ಕೆ ಹತ್ಯಾವ" ಎಂಬುದು ಅವರ ಮಾತು. ಏಳದ ದಿನಗಳಿದ್ದವು, ಎದ್ದ ದಿನಗಳು ಮೆಲ್ಲಗೆ ಹೆಚ್ಚಾದವು. ಚಳಿಗಾಲದ ಹೊತ್ತಿಗೆ ಬಾಲಚಂದ್ರರು ಶಾಖೆಗೆ ಮರಳಿದರು. ಮಾತ್ರೆ ನಡೆದೇ ಇತ್ತು. ಕೀಲಿ ಸೊಂಟಕ್ಕೆ ಬಂತು.

ಮೀನಿಗೆ ಹಾಕುವುದಷ್ಟೇ ಗಂಡನ ಕೆಲಸ. ನೀರಿನ ಕೆಲಸವನ್ನು ಗಿರಿಜಾಬಾಯಿ ತಾವೇ ಇಟ್ಟುಕೊಂಡರು. ಯಾವುದಾದರೊಂದು ಮೀನು ಸತ್ತರೆ ಅದು ಗಂಡನ ಕೈಯಿಂದಾಗಿ ಸತ್ತಂತೆ ಆಗಬಾರದು ಎಂಬುದು ಅವರ ಎಚ್ಚರ. ಮೊದಲ ತಿಂಗಳಲ್ಲಿ ಗಿರಿಜಾಬಾಯಿಯೇ ಒಂದು ತಪ್ಪು ಮಾಡಿದ್ದರು. ಪಾತ್ರೆ ತಿಕ್ಕುವಂತೆ ತೊಟ್ಟಿಯನ್ನೂ ಹರಳನ್ನೂ ಲಕಲಕ ತೊಳೆದು ಹೊಸ ನಲ್ಲಿನೀರು ತುಂಬಿದಾಗ ಒಂದು ಮಾಲಿ ಸತ್ತುಹೋಗಿತ್ತು. ಅಂಗಡಿಯವನು ಹೇಳಿದ್ದಿಷ್ಟು: ಹಳೆಯ ನೀರು ಅರ್ಧಕ್ಕಿಂತ ಹೆಚ್ಚು ಉಳಿಯಬೇಕು, ಹೊಸ ನೀರು ಒಂದು ದಿನವಾದರೂ ಬಕೆಟ್ಟಿನಲ್ಲಿ ನಿಂತು ಬ್ಲೀಚಿಂಗ್ ಮದ್ದಿನ ವಾಸನೆ ಕಳೆದುಕೊಳ್ಳಬೇಕು, ಹರಳಿನ ಲೋಳೆಯನ್ನು ತಿಕ್ಕಿ ತೆಗೆಯಬಾರದು. ಸತ್ತ ಮಾಲಿಯ ಜಾಗಕ್ಕೆ ಅಂಥದೇ ಒಂದನ್ನು ಗಿರಿಜಾಬಾಯಿ ಗಂಡ ಏಳುವ ಮುನ್ನ ತಂದು ಬಿಟ್ಟರು. ಬಾಲಚಂದ್ರರಿಗೆ ತಿಳಿಯಲಿಲ್ಲ. ತಿಳಿದೂ ಹೇಳಲಿಲ್ಲವೋ ಏನೋ, ಆ ಪ್ರಶ್ನೆಯನ್ನು ಆಗ ಗಿರಿಜಾಬಾಯಿ ತಮಗೆ ಹಾಕಿಕೊಳ್ಳಲಿಲ್ಲ.

ಮರುವರ್ಷ ಮಾವ ತೀರಿಕೊಂಡರು, ಅತ್ತೆ ತುಂಗಾಬಾಯಿ ಗದಗಿನ ಮನೆ ಬಿಟ್ಟು ಮಗನ ಬಳಿಗೆ ಬಂದರು. ಬಲು ಮಡಿಯ ಹೆಂಗಸು. ನಿನ್ನೆಯ ನೀರು ಅವರಿಗೆ ಮೈಲಿಗೆ. ಕೊಡವನ್ನು ದಿನವೂ ಬೆಳಗಿ ಹೊಸದಾಗಿ ತುಂಬಬೇಕು. ಪಡಸಾಲೆಯಲ್ಲಿ ಮೀನು ಕಂಡು ಮೊದಲ ದಿನ ಊಟ ಬಿಟ್ಟಿದ್ದರು. ಬಳಿಕ ಮಗ ಆ ಮಣೆಯ ಮೇಲೆ ಕೂರುವುದನ್ನು ನೋಡಿ ಬಾಯಿ ಮುಚ್ಚಿಕೊಂಡರು. ತೊಟ್ಟಿಗೆ ಸೆರಗು ತಾಕದಂತೆ ಗೋಡೆ ಹಿಡಿದು ದಾಟುತ್ತಿದ್ದರು. ಗಿರಿಜಾಬಾಯಿ ನೀರು ಬದಲಿಸುವಾಗಲೆಲ್ಲ, "ಮುಟ್ಟಬ್ಯಾಡ್ರಿ ಅತ್ತಿಯವರ, ನಿಮ್ಮ ಮಡಿ ಕೆಡತದ" ಎಂದು ದೂರ ನಿಲ್ಲಿಸುತ್ತಿದ್ದರು. ನೀರಿನ ಲೆಕ್ಕಾಚಾರವನ್ನಾಗಲಿ, ಮೀನು ಯಾತಕ್ಕೆಂಬುದನ್ನಾಗಲಿ ಅವರಿಗೆ ಹೇಳಿರಲಿಲ್ಲ. ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು.

ವರ್ಗಾವಣೆಯ ಆದೇಶ ಬಂದ ಮೇಲೆ ಬಾಲಚಂದ್ರರು ಮತ್ತೆ ಮಾತು ಕಡಿಮೆ ಮಾಡಿದರು. ಸಾಮಾನು ಕಟ್ಟುವ ವಾರವೆಲ್ಲ ಅವರು ಕೇಳಿದ್ದು ಒಂದೇ: "ಅವನ್ನ ಹ್ಯಾಂಗ ಒಯ್ಯತೀ?"

"ನೀವು ಡಬ್ಬಿ ಹಿಡ್ಕೊಂಡು ಬರ್ರಿ. ಉಳಿದದ್ದು ನನಗಿರಲಿ" ಎಂದರು ಗಿರಿಜಾಬಾಯಿ.

ಅಂಗಡಿಯವನಿಂದ ಮೀನುಗಳನ್ನು ಆಮ್ಲಜನಕ ತುಂಬಿದ ಪಾಲಿಥೀನ್ ಚೀಲಗಳಲ್ಲಿ ಕಟ್ಟಿಸಿದರು. ಚೀಲಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕೂರಿಸಿ ಒದ್ದೆ ಟವೆಲು ಸುತ್ತಿದರು. ಹರಳನ್ನು ತೊಳೆಯದೆ ಹಾಗೆಯೇ ಒದ್ದೆ ಗೋಣಿಯಲ್ಲಿ ಕಟ್ಟಿ ತೊಟ್ಟಿಯೊಂದಿಗೆ ಲಾರಿಗೆ ಹಾಕಿಸಿದರು. ತೊಟ್ಟಿಯ ನೀರನ್ನು ಮಾತ್ರ ಲಾರಿಗೆ ನಂಬಲಿಲ್ಲ. ಎರಡು ದೊಡ್ಡ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿ ತಮ್ಮೊಂದಿಗೆ ರೈಲಿಗೆ ತಂದರು. ವಿಶಾಖಪಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ಅವನ್ನು ಎತ್ತಿದ ಕೂಲಿ ಭಾರಕ್ಕೆ ಬೆಚ್ಚಿ, "ಒಳಗೇನಮ್ಮಾ?" ಎಂದ. ನೀರೆಂದು ತಿಳಿದಾಗ ಪಕ್ಕದ ಕೂಲಿಯನ್ನು ಕೂಗಿ ಕರೆದ. "ಒರೇ, ಇಲ್ಲಿ ನೋಡೋ! ಅಮ್ಮಗಾರು ವಿಜಯವಾಡಕ್ಕೆ ನೀರು ಹೊತ್ತುಕೊಂಡು ಹೋಗುತ್ತಿದ್ದಾರೆ. ಪಾಪ, ಅಲ್ಲಿ ಕೃಷ್ಣಾ ನದಿ ಬತ್ತಿಹೋಯಿತಂತೆ!"

ತುಂಗಾಬಾಯಿ ನಗಲಿಲ್ಲ. ಅವರು ಕ್ಯಾನುಗಳನ್ನು ನೋಡುತ್ತಿದ್ದರು. ಹುಯಿಲಗೋಳರ ಮನೆತನದಲ್ಲಿ ಮನೆ ಬಿಡುವಾಗ ಕಸಬರಿಗೆಯನ್ನು, ಒಲೆಯ ಬೂದಿಯನ್ನು, ಕೊಡದಲ್ಲಿ ನಿಂತ ನೀರನ್ನು ಹೊಸ ಮನೆಗೆ ಒಯ್ಯುವ ಪದ್ಧತಿ ಇಲ್ಲ. ಹಳೆಯ ಮನೆಯ ಪೀಡೆ ಅದರೊಂದಿಗೆ ಬರುತ್ತದೆಂಬುದು ನಂಬಿಕೆ. "ಹಳೀ ನೀರು ಯಾಕ, ಗಿರಿಜಾ?" ಎಂದು ಕೇಳಿದರು.

"ಮೀನಕ್ಕ ಬೇಕ್ರಿ" ಎಂದಷ್ಟೇ ಹೇಳಿ ಗಿರಿಜಾಬಾಯಿ ಪೆಟ್ಟಿಗೆಯ ಟವೆಲು ಒದ್ದೆ ಮಾಡಲು ಎದ್ದರು. ರೈಲು ತುನಿ ನಿಲ್ದಾಣ ದಾಟಿದ ಮೇಲೆ ಗಾಳಿ ಬೆಂಕಿಯಾಯಿತು. ಪ್ರತಿ ನಿಲ್ದಾಣದಲ್ಲೂ ಅವರು ಇಳಿದು ಟವೆಲು ನೆನೆಸಿ ತಂದರು. ಬಾಲಚಂದ್ರರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಸಂಜೆ ವಿಜಯವಾಡದಲ್ಲಿ ಇಳಿದಾಗ ಏಳು ಮೀನೂ ಜೀವಂತವಾಗಿದ್ದವು.

ಮನೆ ಊರಿನ ಪಟಮಟ ಬಡಾವಣೆಯಲ್ಲಿ, ಮಹಡಿಯ ಮೇಲೆ. ಕೆಳಗೆ ಮನೆಯ ಮಾಲೀಕರು, ನಿವೃತ್ತ ಶಾಲಾಮಾಸ್ತರು ದಕ್ಷಿಣಾಮೂರ್ತಿ. ಕೀಲಿ ಕೊಡುತ್ತ, "ಫ್ಯಾನಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಅಮ್ಮಾ. ಕೊಂಡಪಲ್ಲಿಯ ಹತ್ತಿರ ಅಷ್ಟು ದೊಡ್ಡ ಪವರ್ ಸ್ಟೇಷನ್ ಇದೆ, ಅದರ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ, ಪಟಮಟದ ದಾರಿ ಮಾತ್ರ ಅದಕ್ಕೆ ಗೊತ್ತಿಲ್ಲ" ಎಂದರು.

ಮರುದಿನ ಸೋಮವಾರ. ಬೆಳಿಗ್ಗೆ ಹಾಲು ಉಕ್ಕಿಸುವ ಶಾಸ್ತ್ರ ಮುಗಿಯುವ ಹೊತ್ತಿಗೆ ಲಾರಿ ಬಂತು. ಚಾಲಕ ಈಶ್ವರಯ್ಯ ಇನ್ನಿಬ್ಬರನ್ನು ಸೇರಿಸಿಕೊಂಡು ತೊಟ್ಟಿಯನ್ನು ಮೇಲೆ ಹತ್ತಿಸಿ ಪಡಸಾಲೆಯ ಮೂಲೆಯಲ್ಲಿ ಕೂರಿಸಿದ. ನೀರು ತುಂಬಲು ಸಮಯವಿರಲಿಲ್ಲ. ಅಂದು ಬಾಲಚಂದ್ರರು ಹೊಸ ಶಾಖೆಯಲ್ಲಿ ಹಾಜರಾಗಬೇಕು, ಅವರನ್ನು ಒಬ್ಬರೇ ಕಳಿಸುವ ಧೈರ್ಯ ಗಿರಿಜಾಬಾಯಿಗೆ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದರು: "ನಾ ಬಂದು ಎಲ್ಲಾ ಮಾಡತೀನಿ. ಆ ಕ್ಯಾನು, ಆ ಗೋಣಿ, ನೀವು ಮುಟ್ಟಬ್ಯಾಡ್ರಿ ಅತ್ತಿಯವರ."

ತುಂಗಾಬಾಯಿ ಎರಡು ವರ್ಷದಿಂದ ಕೇಳುತ್ತ ಬಂದ ಮಾತು ಅದು. ಸೊಸೆ ತಮ್ಮ ಮಡಿಗೆ ತೋರುವ ಮರ್ಯಾದೆಯೆಂದೇ ಅದನ್ನು ಅವರು ಬಲ್ಲರು.

ಶಾಖೆಯ ಎದುರಿನ ಬಟ್ಟೆಯಂಗಡಿಯ ಮೆಟ್ಟಿಲ ಮೇಲೆ ಗಿರಿಜಾಬಾಯಿ ಮಧ್ಯಾಹ್ನದವರೆಗೆ ಕೂತಿದ್ದರು. ಅಂಗಡಿಯವನು ಎರಡು ಸಲ, "ಸೀರೆ ತೋರಿಸಲಾ ಅಮ್ಮಾ?" ಎಂದ, ಮೂರನೆಯ ಸಲ ಕೇಳದೆ ಒಂದು ಲೋಟ ನೀರು ಕಳಿಸಿದ. ಮೊದಲ ದಿನವಾದ್ದರಿಂದ ಊಟದ ಹೊತ್ತಿಗೆ ಬಾಲಚಂದ್ರರನ್ನು ಬಿಟ್ಟರು. ಇಬ್ಬರೂ ಸಿಟಿ ಬಸ್ಸಿನಲ್ಲಿ ಮರಳಿ ಮೆಟ್ಟಿಲು ಹತ್ತಿದಾಗ ತುಂಗಾಬಾಯಿ ಬಾಗಿಲಲ್ಲೇ ಕಾಯುತ್ತಿದ್ದರು. ಸೀರೆಯ ನೆರಿಗೆ ಮಂಡಿಯವರೆಗೆ ಒದ್ದೆಯಾಗಿತ್ತು.

"ಬಾರೋ ಬಾಳ್ಯಾ, ಒಳಗ ಬಂದು ನೋಡು. ನಿನ್ನ ಮೀನಕ್ಕೂ ಗೃಹಪ್ರವೇಶ ಆತು" ಎಂದರು.

ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಗಾಜನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಹರಳುಗಳನ್ನು ಒಂದೊಂದೇ ಹಿಡಿ ಉಜ್ಜಿ, ಏಳು ನೀರಿನಲ್ಲಿ ಜಾಲಿಸಿದ್ದರು. ಅವು ಅಕ್ಕಿಯ ಹಾಗೆ ಬೆಳ್ಳಗೆ ಕೂತಿದ್ದವು. ನಲ್ಲಿಯಿಂದ ಕೊಡ ಕೊಡವಾಗಿ ಹೊಸ ನೀರು ತುಂಬಿ, ದೇವರ ಪೆಟ್ಟಿಗೆಯ ಗಂಗಾಥಾಲಿಯಿಂದ ಒಂದೆರಡು ಹನಿ ಗಂಗಾಜಲ ಸೇರಿಸಿದ್ದರು. ಎಪ್ಪತ್ತಕ್ಕೆ ಹತ್ತಿರವಾದ ಹೆಂಗಸು, ಮೀನಿನ ನೀರಿನ ಹನಿ ತಾಕಿದರೆ ಸ್ನಾನ ಮಾಡುತ್ತಿದ್ದವರು, ಮೀನುಗಳನ್ನು ತಮ್ಮ ಬೊಗಸೆಯಲ್ಲೇ ಚೀಲದಿಂದ ತೊಟ್ಟಿಗೆ ದಾಟಿಸಿದ್ದರು. ಎರಡೂ ಕ್ಯಾನು ಬಚ್ಚಲ ಬಾಗಿಲಲ್ಲಿ ಬೋರಲು ಬಿದ್ದಿದ್ದವು.

ಬಾಲಚಂದ್ರರು ತೊಟ್ಟಿಯ ಮುಂದೆ ಬಗ್ಗಿ ನೋಡಿದರು. ಆದೇಶ ಬಂದ ದಿನದಿಂದ ಮುಚ್ಚಿಕೊಂಡಿದ್ದ ಮುಖ ಸಡಿಲವಾಯಿತು. "ಅವ್ವಾ, ನೀ ಮುಟ್ಟಿದ್ಯಾ?" ಎಂದು ಕೇಳಿ ನಕ್ಕರು. ತಾಯಿಯೂ ನಕ್ಕರು.

ಗಿರಿಜಾಬಾಯಿಯ ಮೂಗಿಗೆ ಬ್ಲೀಚಿಂಗ್ ಪುಡಿಯ ವಾಸನೆ ಬಡಿಯಿತು. ಬೇಸಿಗೆಯ ನಲ್ಲಿನೀರು, ವಾಸನೆ ತುಸು ಜೋರಾಗಿಯೇ ಇತ್ತು. ಮೀನುಗಳನ್ನು ಆ ಗಳಿಗೆಯೇ ಹೊರಗೆ ತೆಗೆಯಬೇಕು. ತೆಗೆದರೆ ಹಾಕಲು ಹಳೆಯ ನೀರಿಲ್ಲ. ತೆಗೆಯುತ್ತ ಏನೆಂದು ಹೇಳಬೇಕು, ಈ ತಾಯಿಮಕ್ಕಳ ಎದುರು? ಅವರು ಸುಮ್ಮನೆ ನಿಂತರು. ಆ ನಿಂತ ಗಳಿಗೆಯ ಬಗ್ಗೆ ಮುಂದೆ ಅವರು ಮಾತಾಡಿದ್ದು ಬಹಳ ಕಡಿಮೆ.

ಸಂಜೆ ದಕ್ಷಿಣಾಮೂರ್ತಿಗಳ ಬೋರಿನ ನೀರು ಕೇಳಿ ತಂದರು, ಬಾಯಿಗಿಟ್ಟರೆ ಉಪ್ಪು. ಕೆಳಗಿನ ಮನೆಯ ಮಣ್ಣಿನ ಗಡಿಗೆಯಲ್ಲಿ ನಿಂತಿದ್ದ ಕುಡಿಯುವ ನೀರನ್ನು ಬೇಡಿ ತಂದು, ತೊಟ್ಟಿಯ ನೀರು ಅಷ್ಟಷ್ಟು ತೆಗೆದು ಸೇರಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು, ಮೋಟಾರು ನಿಂತಿತು. ನೀರಿಗೆ ಗಾಳಿ ಸೇರಲೆಂದು ಲೋಟದಿಂದ ನೀರೆತ್ತಿ ಮೇಲಿಂದ ಹುಯ್ಯುತ್ತ ಕೂತರು. ಏನು ಮಾಡುತ್ತಿರುವೆಯೆಂದು ಅತ್ತೆ ಕೇಳಿದರೆ, "ಸೆಕಿ ಭಾಳ ಅದರೀ, ತಂಪಾಗ್ಲಿ ಅಂತ" ಎಂದರು.

ಬೆಳಗಾಗುವಾಗ ಎರಡು ಮಾಲಿ ತೇಲುತ್ತಿದ್ದವು. ಗಂಡ ಏಳುವ ಮುನ್ನ ಅವನ್ನು ತೆಗೆದು ಸೆರಗಿನಲ್ಲಿ ಮುಚ್ಚಿ ಕೆಳಗೊಯ್ದು ಕರಿಬೇವಿನ ಗಿಡದ ಬುಡಕ್ಕೆ ಹಾಕಿದರು. ಬಾಲಚಂದ್ರರು ಎದ್ದು ಮಣೆಯ ಮೇಲೆ ಕೂತು ಡಬ್ಬಿ ತೆರೆದರು. ಚಿಟಿಕೆ ಹಾಕಿದರು. ಯಾವ ಮೀನೂ ಬಾಯಿ ಹಾಕಲಿಲ್ಲ. ಎಲ್ಲವೂ ನೀರಿನ ಮೇಲ್ಗಡೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

"ಇನ್ನೂ ಹೊಸಾ ಜಾಗಾ. ಒಗ್ಗಬೇಕಲ್ಲ" ಎಂದರು ಗಿರಿಜಾಬಾಯಿ.

ಬಾಲಚಂದ್ರರು ಡಬ್ಬಿ ಮುಚ್ಚಿ ಎದ್ದರು. ಕಾಫಿ ಕುಡಿದರು, ಸ್ನಾನ ಮಾಡಿದರು, ಶಾಖೆಗೆ ಹೋದರು. ಅವರು ಹೋದ ಮೇಲೆ ಉಳಿದ ಮೀನುಗಳೂ ಒಂದರ ಹಿಂದೊಂದು ಸತ್ತವು. ಏಂಜಲ್ ಕೊನೆಯದು. ಅದು ಪಕ್ಕಕ್ಕೆ ವಾಲಿದಾಗ ತುಂಗಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಒಮ್ಮೆ ನಡೆದ ಉಪಾಯ ಇನ್ನೊಮ್ಮೆಯೂ ನಡೆದೀತೆಂದು ಅಂದೇ ಗಿರಿಜಾಬಾಯಿ ಗವರ್ನರ್‌ಪೇಟೆಯ ಕಡೆ ಹೋಗಿ ಮೀನಿನ ಅಂಗಡಿ ಹುಡುಕಿದರು. ಎರಡು ಗೋಲ್ಡ್ ಫಿಶ್, ನಾಲ್ಕು ಕರಿ ಮಾಲಿ, ಒಂದು ಏಂಜಲ್. ಗಾತ್ರ ನೋಡಿ, ಬಾಲ ನೋಡಿ, ಗೋಲ್ಡ್ ಫಿಶ್ಶಿನ ಹೊಟ್ಟೆಯ ಬಿಳುಪು ನೋಡಿ ಆರಿಸಿದರು. "ಮದುವೆಗೆ ಹುಡುಗಿ ನೋಡಿದಂತೆ ನೋಡುತ್ತೀರಲ್ಲಮ್ಮಾ" ಎಂದು ಅಂಗಡಿಯವನು ನಕ್ಕ. ಅವನ ತೊಟ್ಟಿಗಳ ನೀರನ್ನೇ ಬೇಡಿ, ಖಾಲಿ ಕ್ಯಾನುಗಳಲ್ಲಿ ತುಂಬಿಸಿ, ರಿಕ್ಷಾದಲ್ಲಿ ತಂದು, ತೊಟ್ಟಿ ಬರಿದುಮಾಡಿ ಆ ನೀರನ್ನು ತುಂಬಿದರು. ಈ ಮೀನುಗಳು ಬದುಕಿದವು. ಅವುಗಳಿಗೆ ಏನೂ ಆಗಲಿಲ್ಲ.

ಬುಧವಾರ ಬೆಳಿಗ್ಗೆ ಬಾಲಚಂದ್ರರು ಮಣೆಯ ಮೇಲೆ ಕೂತು ಡಬ್ಬಿ ತೆರೆದರು. ಮೀನುಗಳು ಹಸಿದು ಮೇಲೆದ್ದು ಬಂದವು. ಅವರು ಚಿಟಿಕೆ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇವು ಯಾರ ಮನೀವು?" ಎಂದರು.

"ನಮ್ಮವ ಅಲ್ಲೇನ್ರೀ?"

"ಅಲ್ಲ." ಚಿಟಿಕೆಯನ್ನು ಡಬ್ಬಿಗೆ ಮರಳಿ ಉದುರಿಸಿ, ಮುಚ್ಚಳ ಹಾಕಿ, ಪಕ್ಕಕ್ಕಿಟ್ಟರು. "ಹಿಂದಕ ಒಂದು ಬದಲ ಮಾಡಿದ್ದಿ. ಅದೂ ಗೊತ್ತಿತ್ತು. ಒಂದೇ ಒಂದು, ಹೋಗ್ಲಿ ಅಂತ ಸುಮ್ಮನಿದ್ದೆ." ಆಮೇಲೆ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅಂದು ಅವರು ಏಳಲಿಲ್ಲ. ಮರುದಿನವೂ ಇಲ್ಲ. ಗಿರಿಜಾಬಾಯಿ ದಕ್ಷಿಣಾಮೂರ್ತಿಗಳ ಪರಿಚಯದವರ ಮನೆಯ ಫೋನಿನಿಂದ ಶಾಖೆಗೆ ಬಿ.ಪಿ. ಎಂದು ಹೇಳಿದರು. ಎರಡು ದಿನ ಕೆಲಸ ಮಾಡಿದ ಅಧಿಕಾರಿಗೆ ಬಿ.ಪಿ. ಬಂದುದನ್ನು ಆ ಕಡೆಯ ದನಿ ಕೇಳಿಸಿಕೊಂಡಿತು, ಆದರೆ ನಂಬಿದಂತೆ ಕಾಣಲಿಲ್ಲ. ಶನಿವಾರ ಶಾಖೆಯಿಂದ ಜವಾನನೊಬ್ಬ ಬಂದ: ಸಾರ್ ಸೋಮವಾರ ಬಂದೇ ಬರಬೇಕಂತೆ, ತಿಜೋರಿಯ ಕೀಲಿ ಅವರು ವಹಿಸಿಕೊಳ್ಳಬೇಕಂತೆ, ಬರಲಾಗದಿದ್ದರೆ ಡಾಕ್ಟರ ಸರ್ಟಿಫಿಕೇಟು ಬೇಕಂತೆ. ಯಾವ ಡಾಕ್ಟರ ಹೆಸರು ಹೇಳುವುದೆಂದು ತಿಳಿಯದೆ ಗಿರಿಜಾಬಾಯಿ ಅಡಿಗೆಮನೆಯಲ್ಲಿ ಕೂತರು.

ತುಂಗಾಬಾಯಿ ಎದುರಿಗೆ ಬಂದು ಕೂತರು. ಮಡಿಯ ಸೀರೆಯಲ್ಲಿದ್ದರೂ ಸೊಸೆಯ ಮೈಗೆ ಮೈ ತಾಗುವಷ್ಟು ಹತ್ತಿರ.

"ನಾ ನೀರು ಚೆಲ್ಲಿದ್ದಕ್ಕ ಸತ್ತುವು. ಹೌದೋ ಅಲ್ಲೋ?"

"ಸೆಕಿಗೆ ಸತ್ತಾವ್ರಿ, ಅತ್ತಿಯವರ."

"ಸುಳ್ಳ ಹೇಳಬ್ಯಾಡ. ಸಾಕಾಗೇದ ನಿನ್ನ ಸುಳ್ಳು." ದನಿ ಏರಲಿಲ್ಲ. "ಆ ಊರಾಗ, ಆ ಮನ್ಯಾಗ ಅವಂಗ ಜಡ್ಡು ಹತ್ತಿತು. ಆ ಮನೀ ನೀರು ಈ ಮನೀಗೆ ಬರಬಾರದು, ಜಡ್ಡು ಅಲ್ಲೇ ಉಳೀಲಿ ಅಂತ ಚೆಲ್ಲಿದೆ. ಮಡಿ ಹೋದರ ಹೋಗ್ಲಿ, ಮಗಾ ಏಳಲಿ ಅಂತ ಕೈಯಾರೆ ತೊಳದೆ."

ಗಿರಿಜಾಬಾಯಿ ತಲೆಯೆತ್ತಿದರು. "ಜಡ್ಡು ಅಂತ ನಿಮಗ ಗೊತ್ತಿತ್ತೇನ್ರಿ?"

"ಹೆತ್ತಾಕಿ ನಾನು. ಮಾರಿ ನೋಡಿದರ ತಿಳಿಯೂದಿಲ್ಲೇನು? ನೀ ಬಿ.ಪಿ. ಅಂದಿ, ನಾ ಹೂಂ ಅಂದೆ. ನಿನಗ ನಾಚಿಕಿ ಆಗಬಾರದಂತ ಸುಮ್ಮನಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಆದರ ನೀರಿನ ಸುದ್ದಿ ಹೇಳಬೇಕಾಗಿತ್ತವಾ. ಹೇಳಿದ್ದರ ನಾ ಮುಟ್ಟತಿರಲಿಲ್ಲ."

ಮೂರು ವರ್ಷ ಗಿರಿಜಾಬಾಯಿ ಒಂದು ಸುಳ್ಳನ್ನು ಊರೂರಿಗೆ ಕಾಪಾಡಿಕೊಂಡು ಬಂದಿದ್ದರು. ಅದು ಗಂಡನ ಕೆಲಸ ಉಳಿಸುತ್ತಿದೆ ಎಂದುಕೊಂಡಿದ್ದರು. ಮನೆಯೊಳಗಿನ ಒಬ್ಬರಿಗೆ ಆಡಬೇಕಾಗಿದ್ದ ನಾಲ್ಕು ಮಾತನ್ನೂ ಆ ಸುಳ್ಳೇ ನುಂಗಿಬಿಟ್ಟಿತ್ತು.

ಸೋಮವಾರ ಅವರೊಬ್ಬರೇ ಶಾಖೆಗೆ ಹೋದರು. ಮ್ಯಾನೇಜರ್ ಕಾಮೇಶ್ವರ ರಾವು ಎದ್ದು ಕುರ್ಚಿ ತೋರಿಸಿದರು. ಹಿರಿಯ ವಯಸ್ಸಿನ, ಮೆತ್ತಗಿನ ಮಾತಿನ ಮನುಷ್ಯ.

"ಹೇಗಿದ್ದಾರಮ್ಮಾ ಸಾರ್? ಬಿ.ಪಿ. ಇಳಿಯಿತೆ?"

"ಅವರಿಗೆ ಬಿ.ಪಿ. ಇಲ್ಲ, ಸಾರ್" ಎಂದರು ಗಿರಿಜಾಬಾಯಿ, ತಮಗೆ ಬಂದಷ್ಟು ತೆಲುಗಿನಲ್ಲಿ. "ಮನಸ್ಸಿನ ಕಾಯಿಲೆ. ಮೂರು ವರ್ಷವಾಯಿತು. ಔಷಧ ನಡೆದಿದೆ. ಎದ್ದರೆ ಕೆಲಸ ಸರಿಯಾಗಿ ಮಾಡುತ್ತಾರೆ. ಈಗ ಎದ್ದಿಲ್ಲ."

ಕಾಮೇಶ್ವರ ರಾವು ಬಾಗಿಲ ಕಡೆ ನೋಡಿದರು. ಅದು ಅರ್ಧ ತೆರೆದಿತ್ತು. ಎದ್ದು ಹೋಗಿ ಮುಚ್ಚಿ ಬಂದರು. "ಅಮ್ಮಾ, ನೀವು ಈಗ ಹೇಳ್ತಿರೋದನ್ನ ನಾನು ಕೇಳಲಿಲ್ಲ ಅಂದುಕೊಳ್ಳಬಹುದು. ಕಾಮಾಲೆ ಅಂತ ಒಂದು ಸರ್ಟಿಫಿಕೇಟು ತನ್ನಿ, ತಿಂಗಳ ರಜೆ ಕೊಡ್ತೀನಿ. ಇದನ್ನ ಮೇಲಕ್ಕೆ ತಿಳಿಸಿದರೆ ಮೆಡಿಕಲ್ ಬೋರ್ಡಿಗೆ ಹೋಗುತ್ತೆ. ಹೋದಮೇಲೆ ನನ್ನ ಕೈಲಿ ಏನೂ ಇರೋದಿಲ್ಲ. ನಿಮ್ಮ ಕೈಲೂ ಇರೋದಿಲ್ಲ."

"ಗೊತ್ತು ಸಾರ್."

"ಕೆಲಸ ಹೋಗಬಹುದು."

"ಗೊತ್ತು. ಇವತ್ತು ಕಾಮಾಲೆ ಅಂದರೆ ಮುಂದಿನ ತಿಂಗಳು ಇನ್ನೊಂದು ಹೇಳಬೇಕು. ನನ್ನ ಕೈಲಿ ಆಗೋದಿಲ್ಲ." ಎದ್ದು ನಿಂತರು. "ತಿಳಿಸಿ ಸಾರ್."

ಬೋರ್ಡು ಮಳೆಗಾಲದಲ್ಲಿ ಬಾಲಚಂದ್ರರನ್ನು ನೋಡಿತು. ಮರುವರ್ಷ ಕೆಲಸಕ್ಕೆ ಅಸಮರ್ಥರೆಂದು ಅವರನ್ನು ನಿವೃತ್ತಿಗೊಳಿಸಿದರು. ಸೊಂಟದ ಕೀಲಿ ಅವರಿಗೆ ಮತ್ತೆ ಸಿಗಲಿಲ್ಲ. ಶಾಖೆಯಿಂದ ಯಾರೂ ಮನೆಗೆ ಬರುತ್ತಿರಲಿಲ್ಲ. ಬಂದರೆ ಏನು ಮಾತಾಡಬೇಕೆಂದು ತಿಳಿಯದಿದ್ದವರು ಬರಲಿಲ್ಲವೆಂದು ಗಿರಿಜಾಬಾಯಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗದಗಿಗೆ ಮರಳುವ ಮಾತು ಬಂದಾಗ, ಅಲ್ಲಿ ಎಲ್ಲರಿಗೂ ಎಲ್ಲವನ್ನೂ ಮೊದಲಿನಿಂದ ಹೇಳಬೇಕು, ಇಲ್ಲಿ ಹೇಳಿಯಾಗಿದೆ ಎಂದರು. ಹುಡುಗಿಯಾಗಿದ್ದಾಗ ತಾವು ಕಲಿತಿದ್ದ ಹಿಂದಿಯನ್ನು ಪಟಮಟದ ಶಾಲೆಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತ ಅಲ್ಲೇ ಉಳಿದರು. ಮೀನುಗಳನ್ನು ದಕ್ಷಿಣಾಮೂರ್ತಿಗಳ ಮನೆಗೆ ಕೊಟ್ಟರು. 1996ರ ಚಳಿಗಾಲದಲ್ಲಿ ಬಾಲಚಂದ್ರರು ನಿದ್ದೆಯಲ್ಲೇ ತೀರಿಕೊಂಡರು.

ನಡುವಿನ ಆ ವರ್ಷಗಳಲ್ಲಿ ಮಗನನ್ನು ಎಬ್ಬಿಸುವ ಕೆಲಸವನ್ನು ತುಂಗಾಬಾಯಿ ತಾವು ತೆಗೆದುಕೊಂಡರು. ಬೆಳಿಗ್ಗೆ ಸ್ನಾನಕ್ಕೂ ಪೂಜೆಗೂ ಮೊದಲು ಬಂದು ಮಂಚದ ಅಂಚಿಗೆ ಕೂರುತ್ತಿದ್ದರು. ಒಳಗೆ ಒಲೆ ಹಚ್ಚುತ್ತಿದ್ದ ಗಿರಿಜಾಬಾಯಿಗೆ ಅವರ ಮಾತು ಕೇಳಿಸುತ್ತಿತ್ತು.

"ಬಾಳ್ಯಾ, ಏಳಪಾ. ಮೈಯಾಗ ಭಾರ ಅದ ಅಂತ ನನಗ ಗೊತ್ತದ. ಭಾರ ಇಟಕೊಂಡ ಏಳು. ನಾ ಹಿಡಕೋತೀನಿ."

ಕೆಲವು ದಿನ ಅವರು ಏಳುತ್ತಿದ್ದರು. ಏಳದ ದಿನ ಮುದುಕಿ ಬಿಸಿಲು ಕಿಟಕಿಯಿಂದ ಸರಿಯುವವರೆಗೆ ಅಲ್ಲೇ ಕೂತಿರುತ್ತಿದ್ದರು, ಗಿರಿಜಾಬಾಯಿ ಕಾಫಿಯನ್ನು ಇಬ್ಬರಿಗೂ ಅಲ್ಲಿಗೇ ತರುತ್ತಿದ್ದರು.